ದಂಡನಾಯಕರ ಲಾಂಡ್ರಿಯೂ ಏಳು ದೇಶಗಳ ಮೇಜುಬಟ್ಟೆಯೂ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ದಂಡನಾಯಕರೆಂದೇ ಕರೆಯುತ್ತಿದ್ದರು. ಹಾಗೆಂದು ಅವರು ಯಾವ ಯುದ್ಧಕ್ಕೂ ಹೋದವರಲ್ಲ. ಹರೆಯದಲ್ಲಿ ಹನ್ನೊಂದು ವರ್ಷ ಸೈನ್ಯದ ಉಗ್ರಾಣದಲ್ಲಿ ಹೊದಿಕೆಗಳನ್ನು ಮಡಿಸಿ ಜೋಡಿಸುವ ಕೆಲಸ ಮಾಡಿದ್ದರು, ಅಷ್ಟೆ. ಆದರೆ ಪಕ್ಕದ ಕೋಣೆಯಲ್ಲಿ ಅಧಿಕಾರಿಗಳು ನಕ್ಷೆ ಹರಡಿಕೊಂಡು ಆಡುವ ಮಾತು ಗೋಡೆಯ ಈಚೆಗೂ ಕೇಳಿಸುತ್ತಿತ್ತು. ಹನ್ನೊಂದು ವರ್ಷ ಗೋಡೆಗೆ ಕಿವಿಗೊಟ್ಟು ಹೊದಿಕೆ ಮಡಿಸಿದ ಮನುಷ್ಯನಿಗೆ ಮಡಿಕೆಯ ಜೊತೆಗೆ ವ್ಯೂಹರಚನೆಯೂ ಕೈಗೆ ಹತ್ತಿಬಿಟ್ಟಿತು.

ಕೆಲಸ ಬಿಟ್ಟ ಮೇಲೆ ಅವರು ಲಾಂಡ್ರಿ ತೆರೆದರು. ಎರಡು ಒಗೆಯುವ ಯಂತ್ರ, ಇಸ್ತ್ರಿಯ ಮೂರು ಮೇಜು, ಹಿತ್ತಿಲಿನಲ್ಲಿ ಒಣಹಾಕುವ ತಂತಿ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಬೀದಿಯ ನಕ್ಷೆಯೊಂದನ್ನು ಸ್ವತಃ ಬರೆದು ಅಂಟಿಸಿದ್ದರು. ಗಿರಾಕಿಗಳ ಮನೆಗಳೆಲ್ಲ ಅದರಲ್ಲಿದ್ದವು. ರಸ್ತೆಯ ಆಚೆ ಬದಿಗೆ ಕಪ್ಪು ಮಸಿಯಲ್ಲಿ ಬಳಿದ ಒಂದು ಚೌಕವಿತ್ತು. ಅದು ಶತ್ರುವಿನ ಪಾಳೆಯ.

ಶತ್ರುವೆಂದರೆ ಬೇರೆ ಯಾರೂ ಅಲ್ಲ, ಅವರ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಒಂಬತ್ತು ವರ್ಷದ ಹಿಂದೆ ಇಬ್ಬರೂ ಸೇರಿ ಒಂದೇ ಅಂಗಡಿ ನಡೆಸುತ್ತಿದ್ದರು. ಹೊಸ ಯಂತ್ರವನ್ನು ಬಾಗಿಲ ಬಳಿ ಇಡಬೇಕೋ ಗೋಡೆಯ ಬಳಿ ಇಡಬೇಕೋ ಎಂದು ಮಾತು ಬೆಳೆಯಿತು. ಬೆಳೆದ ಮಾತು ಮೊಟಕಾಗಲಿಲ್ಲ. ಷಡ್ಡಕ ರಸ್ತೆ ದಾಟಿ ತನ್ನದೇ ಅಂಗಡಿ ಹಾಕಿದ. ಯಂತ್ರವನ್ನು ಅವನು ಅಲ್ಲಿ ಬಾಗಿಲ ಬಳಿಯೂ ಇಡಲಿಲ್ಲ, ಗೋಡೆಯ ಬಳಿಯೂ ಇಡಲಿಲ್ಲ; ಅಂಗಡಿ ಅಷ್ಟು ಕಿರಿದಾಗಿದ್ದುದರಿಂದ ನಟ್ಟನಡುವೆ ಇಟ್ಟ. ಅಂದಿನಿಂದ ಇಬ್ಬರು ಗಂಡಸರ ನಡುವೆ ಮಾತಿಲ್ಲ.

ಲಾಂಡ್ರಿಯವರು ಬಟ್ಟೆ ಬೆರೆಯದಿರಲೆಂದು ಮೂಲೆಯಲ್ಲಿ ಅಳಿಸದ ಮಸಿಯಿಂದ ಗುರುತು ಹಾಕುವುದುಂಟು. ದಂಡನಾಯಕರ ಗುರುತು ತ್ರಿಕೋನ, ಷಡ್ಡಕನದು ಚುಕ್ಕೆಯಿಟ್ಟ ವೃತ್ತ. ತಮ್ಮಲ್ಲಿಗೆ ಬಂದ ಬಟ್ಟೆಯಲ್ಲಿ ತ್ರಿಕೋನದ ಪಕ್ಕ ವೃತ್ತವೂ ಕಂಡರೆ ದಂಡನಾಯಕರ ಮುಖ ಅರಳುತ್ತಿತ್ತು. ಗಿರಾಕಿ ಆಚೆಗೆ ಹೋಗಿ, ಅಲ್ಲಿಯ ಒಗೆತ ನೋಡಿ ಬೇಸತ್ತು, ಮರಳಿ ಬಂದಿದ್ದಾನೆಂದು ಅದರ ಅರ್ಥ. ಆಗ ನಕ್ಷೆಯ ಆ ಮನೆಗೆ ಒಂದು ಕೆಂಪು ಗುಂಡುಸೂಜಿ ಚುಚ್ಚುತ್ತಿದ್ದರು. ಅಂಥ ಸೂಜಿಗಳು ಅರವತ್ತಮೂರು ಆಗಿದ್ದವು.

"ನೋಡೇ, ಅರವತ್ತಮೂರು ಮನೆ ವಾಪಸ್ ಗೆದ್ದಿದೀನಿ," ಎಂದು ಅವರು ಎದೆಯುಬ್ಬಿಸಿದರೆ, ಹೆಂಡತಿ ಕಾಲರಿನ ಮೇಲೆ ಇಸ್ತ್ರಿ ಒತ್ತುತ್ತಾ, "ಹೂಂ, ಸೂಜಿ ಕೆಳಗೆ ಬೀಳಿಸ್ಬೇಡಿ, ಕಾಲಿಗೆ ಚುಚ್ಚುತ್ತೆ," ಎನ್ನುತ್ತಿದ್ದರು.

ಇಷ್ಟೆಲ್ಲ ಗೆಲುವಿದ್ದರೂ ಅಂಗಡಿ ಮಾತ್ರ ಸೊರಗುತ್ತಿತ್ತು. ದೊಡ್ಡ ಯಂತ್ರ ಮುದಿಯಾಗಿ ತಿಂಗಳಿಗೊಮ್ಮೆ ಮುನಿಸಿಕೊಳ್ಳುತ್ತಿತ್ತು. ಅದು ಕೆಟ್ಟಾಗಲೆಲ್ಲ ದಂಡನಾಯಕರು ಬಿಡಿಭಾಗ ಹುಡುಕಿಕೊಂಡು ಊರಿನ ಇನ್ನೊಂದು ತುದಿಗೆ ಹೋಗಿ ದಿನವಿಡೀ ಅಲೆಯುತ್ತಿದ್ದರು. ಸ್ಥಿರವಾದ ದೊಡ್ಡ ಕೆಲಸವೊಂದು ಸಿಗದಿದ್ದರೆ ವರ್ಷದ ಕೊನೆಗೆ ಬಾಗಿಲು ಮುಚ್ಚುವುದೊಂದೇ ದಾರಿ ಎಂಬುದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ ಊರಿನ ದೊಡ್ಡ ಹೋಟೆಲಿನಲ್ಲಿ ಏಳು ದೇಶಗಳ ಸಭೆ ನಿಗದಿಯಾಯಿತು. ಏಳು ದೇಶಗಳಲ್ಲಿ ಹರಿಯುವ ಒಂದು ನದಿಯ ನೀರನ್ನು ಹಂಚಿಕೊಳ್ಳುವ ಬಗ್ಗೆ ಐದು ದಿನ ಮಾತುಕತೆ. ಹೋಟೆಲಿನ ಸ್ವಂತ ಒಗೆಯುವ ಕೋಣೆ ದುರಸ್ತಿಯಲ್ಲಿತ್ತು. ಸಭೆಯ ಬಟ್ಟೆಗಳನ್ನು ಚೆನ್ನಾಗಿ ಒಗೆದುಕೊಟ್ಟವರಿಗೆ ಇಡೀ ವರ್ಷದ ಕೆಲಸ ಕೊಡುವುದಾಗಿ ವ್ಯವಸ್ಥಾಪಕರು ಹೇಳಿದರು.

"ಇಬ್ರೂ ಸೇರಿ ಒಪ್ಕೊಂಡ್ರೆ ಆಗಲ್ವಾ?" ಎಂದರು ಹೆಂಡತಿ.

"ನಿನಗೆ ಇದೆಲ್ಲ ತಿಳಿಯಲ್ಲ. ಎದುರಾಳಿ ಕಾಲಿಡೋಕ್ ಮುಂಚೆ ನೆಲ ನಮ್ಮದಾಗಿರ್ಬೇಕು. ಪಾಲು ಕೊಡೋನು ಅರ್ಧ ಸೋತ ಹಾಗೆ."

"ನಮ್ಮ ದೊಡ್ಡ ಯಂತ್ರ ತಡ್ಕೊಳುತ್ತಾ?"

"ಯುದ್ಧದಲ್ಲಿ ಅಂಥ ಪ್ರಶ್ನೆ ಕೇಳಬಾರದು."

ದಂಡನಾಯಕರು ಹೋಟೆಲಿಗೆ ಹೋಗಿ, ಬೆಳಿಗ್ಗೆ ಕೊಟ್ಟದ್ದನ್ನು ಸಂಜೆಗೇ ತಲುಪಿಸುತ್ತೇನೆಂದು ಒಬ್ಬರೇ ಒಪ್ಪಿಕೊಂಡು ಬಂದರು.

ಮೊದಲ ದಿನವೇ ನೂರಾರು ಹಾಸುಬಟ್ಟೆ, ಮೇಜುಬಟ್ಟೆ, ಕೈವಸ್ತ್ರಗಳು ಬಂದು ಬಿದ್ದವು. ಜೊತೆಗೊಂದು ಚೀಟಿ: ಎರಡು ದೇಶಗಳ ಪ್ರತಿನಿಧಿಗಳಿಗೆ ಪರಸ್ಪರ ಆಗಿಬರುವುದಿಲ್ಲವಾದ್ದರಿಂದ ಅವರ ಅಂಗಿಗಳನ್ನು ಒಂದೇ ನೀರಿನಲ್ಲಿ ಒಗೆಯಬಾರದು. ದಂಡನಾಯಕರು ಚೀಟಿಯನ್ನು ಎರಡು ಬಾರಿ ಓದಿ ಮೆಚ್ಚಿ ತಲೆದೂಗಿದರು. ಮೇಜುಬಟ್ಟೆಗಳನ್ನು ಬಿಡಿಸಿ ಕಲೆಗಳನ್ನೂ ಓದಿದರು. "ಇಲ್ಲಿ ನೋಡು, ಮೂರನೇ ಕುರ್ಚಿಯವನು ಕಾಫಿ ಲೋಟ ಕುಕ್ಕಿದಾನೆ. ಪಕ್ಕದೋನು ಕುಡಿದೇ ಇಲ್ಲ. ಮಾತು ಮುರಿಯುತ್ತೆ."

"ನೀವು ಕಲೆ ಓದಿದ್ದು ಸಾಕು, ತೆಗೀರಿ," ಎಂದರು ಹೆಂಡತಿ.

ನಾಲ್ಕು ದಿನ ಹೇಗೋ ದಾಟಿತು. ಐದನೆಯ ದಿನ ಬೆಳಿಗ್ಗೆ ಸಮಾರೋಪದ ಬಟ್ಟೆಗಳು ಬಂದವು: ಏಳು ದೇಶದವರೂ ಒಟ್ಟಿಗೆ ಕೂರುವ ಉದ್ದ ಮೇಜಿನ ಬಿಳಿಯ ಬಟ್ಟೆ, ಜೊತೆಗೆ ಇನ್ನೂರು ಹಾಸು. ಸಂಜೆ ಐದಕ್ಕೆ ತಲುಪಬೇಕು. ಹತ್ತೂವರೆಗೆ ದೊಡ್ಡ ಯಂತ್ರ ಒಮ್ಮೆ ನಡುಗಿ, ಹೊಟ್ಟೆತುಂಬ ನೀರಿಟ್ಟುಕೊಂಡು ನಿಂತುಬಿಟ್ಟಿತು.

ದಂಡನಾಯಕರು ಅಂಗಿ ಬದಲಿಸಿ ಬಿಡಿಭಾಗಕ್ಕೆ ಹೊರಟರು.

"ಹೋಗ್ಬೇಡಿ. ಅದನ್ನ ತಂದು ಜೋಡಿಸೋ ಹೊತ್ತಿಗೆ ಕತ್ತಲಾಗುತ್ತೆ. ಯಾವಾಗ್ಲೂ ಕಳಿಸೋ ಕಡೆಗೇ ಕಳಿಸೋಣ," ಎಂದರು ಹೆಂಡತಿ.

"ಯಾವಾಗ್ಲೂ ಕಳಿಸೋ ಕಡೆ ಅಂದ್ರೆ?"

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. "ತಂಗಿ ಮನೆಗೆ. ನೀವು ಬಿಡಿಭಾಗಕ್ಕೆ ಹೋದ ದಿನ ಗಿರಾಕಿಗಳ ಬಟ್ಟೆ ತನ್ನಷ್ಟಕ್ಕೆ ತಾನೇ ಒಗೆದುಕೊಳ್ತಿತ್ತಾ? ಹಿತ್ತಿಲ ಬಾಗಿಲಿಂದ ಗಂಟು ಕಟ್ಟಿ ಕಳಿಸ್ತಿದ್ದೆ. ಅವರ ಯಂತ್ರ ಕೆಟ್ಟಾಗ ಅವರದ್ದೂ ಇಲ್ಲಿಗೆ ಬಂದಿದೆ."

"ಅವನಿಗೆ ಗೊತ್ತಾ ಇದು?"

"ಗೊತ್ತಿಲ್ದೆ ಏನು? ಬಂದ ಬಟ್ಟೆಗೆಲ್ಲ ಗುರುತು ಹಾಕೋದು ಅವರ ಅಭ್ಯಾಸ. ಒಂದು ವೃತ್ತ ಒತ್ತಿಯೇ ನೀರಿಗೆ ಹಾಕೋದು."

ದಂಡನಾಯಕರು ನಿಧಾನವಾಗಿ ಗೋಡೆಯತ್ತ ತಿರುಗಿದರು. ಅರವತ್ತಮೂರು ಕೆಂಪು ಸೂಜಿಗಳು ಕಿಟಕಿಯ ಬೆಳಕಿನಲ್ಲಿ ಹೊಳೆಯುತ್ತಿದ್ದವು.

"ಹಾಗಾದ್ರೆ ಅದೆಲ್ಲ..."

"ನಮ್ಮ ಯಂತ್ರ ಕೆಟ್ಟ ದಿನಗಳು, ರೀ."

ಅವರು ಸ್ಟೂಲಿನ ಮೇಲೆ ಕುಳಿತರು. ಒಂಬತ್ತು ವರ್ಷದ ದಿಗ್ವಿಜಯ ಒಂದೇ ಮಾತಿಗೆ ಕುಸಿದು ಬಿದ್ದರೆ ಯಾವ ದಂಡನಾಯಕನಿಗಾದರೂ ಕುಳಿತುಕೊಳ್ಳಬೇಕೆನಿಸುತ್ತದೆ. ಆದರೆ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

"ಸರಿ, ಕಳಿಸು," ಎಂದರು ಕೊನೆಗೆ.

"ಇದು ಗಂಟಲ್ಲ, ಇನ್ನೂರು ಹಾಸು. ಹಿತ್ತಿಲ ಬಾಗಿಲಲ್ಲಿ ಹಿಡಿಯಲ್ಲ. ಕೈಗಾಡಿಗೆ ಹೇರಿ ರಸ್ತೆ ದಾಟಿಸ್ಬೇಕು. ಅಲ್ದೆ ಇವತ್ತು ಅವರ ಬೇರೆ ಕೆಲಸವನ್ನೆಲ್ಲ ಬದಿಗಿಡಿ ಅಂತ ಕೇಳ್ಬೇಕು. ಅದನ್ನ ನಾನು ಕೇಳಿದ್ರೆ ಚೆನ್ನಾಗಿರಲ್ಲ."

ದಂಡನಾಯಕರು ಸೋಲನ್ನೂ ಕ್ರಮಬದ್ಧವಾಗಿಯೇ ಒಪ್ಪುವವರು. ತಾವು ಆಚೆಗೆ ಹೋದರೆ ಶರಣಾದಂತೆ, ಅವನು ಈಚೆಗೆ ಬರಲೆಂದರೆ ಬರಲಿಕ್ಕಿಲ್ಲ. ಆದ್ದರಿಂದ ರಸ್ತೆಯ ನಡುವಿನ ಕಟ್ಟೆಯ ಬಳಿ ಭೇಟಿಯಾಗಬೇಕೆಂದು ಹೆಂಡತಿಯಿಂದ ಫೋನಿನಲ್ಲಿ ಹೇಳಿಸಿದರು. ಉತ್ತರ ತಕ್ಷಣ ಬಂತು. "ಭಾವ ಎಲ್ಲಿ ಬೇಕಾದ್ರೂ ನಿಂತ್ಕೊಳ್ಲಿ, ಬಟ್ಟೆ ಮಾತ್ರ ಬೇಗ ಬರಲಿ."

ಎರಡೂ ಬದಿಗೆ ವಾಹನಗಳು ಕೂಗುತ್ತಾ ಹೋಗುತ್ತಿರುವಾಗ, ಮೊಣಕಾಲೆತ್ತರದ ಕಟ್ಟೆ ಒಡೆದು ದಾರಿ ಬಿಟ್ಟ ಕಡೆ ಇಬ್ಬರೂ ನಿಂತರು. ಒಬ್ಬರ ಹಿಂದೆ ಕೈಗಾಡಿ, ಇನ್ನೊಬ್ಬನ ಕೈಯಲ್ಲಿ ಸಾಬೂನಿನ ನೊರೆ.

ದಂಡನಾಯಕರು ಗಂಟಲು ಸರಿಮಾಡಿಕೊಂಡರು. "ನೋಡು, ಇದು ತಾತ್ಕಾಲಿಕ ಒಪ್ಪಂದ. ಇದರಲ್ಲಿ ನಾಲ್ಕು ಷರತ್ತು ಇವೆ. ಮೊದಲನೇದು..."

"ಭಾವ, ಮೊದಲು ನೆನೆಹಾಕೋಣ. ನೆನೀತಾ ಇರುತ್ತೆ, ನೀವು ಷರತ್ತು ಹೇಳ್ತಾ ಇರಿ."

"ನೀನು ಯೋಚನೆ ಮಾಡೋದೇ ಇಲ್ವಾ? ನಾನು ಈ ಕೆಲಸ ಒಬ್ಬನೇ ಒಪ್ಕೊಂಡಿದ್ದು ನಿನ್ನ ಅಂಗಡಿ ಮುಚ್ಚಿಸೋಕೆ!"

"ಗೊತ್ತು ಭಾವ. ಅಕ್ಕ ಹೇಳಿದ್ರು," ಎಂದು ಷಡ್ಡಕ ಗಾಡಿಯ ಹಿಡಿ ಹಿಡಿದ. "ಸ್ವಲ್ಪ ಹಿಂದಿಂದ ತಳ್ಳಿ. ಒಂದು ಚಕ್ರ ಕಟ್ಟೆಗೆ ಸಿಕ್ಕಿದೆ."

ದಂಡನಾಯಕರು ತಳ್ಳಿದರು. ತಳ್ಳುತ್ತಾ ತಳ್ಳುತ್ತಾ ಗಡಿ ದಾಟಿದ್ದು ಅವರ ಗಮನಕ್ಕೆ ಬಂದದ್ದು ಷಡ್ಡಕನ ಅಂಗಡಿಯ ಹೊಸ್ತಿಲಿಗೆ ಕಾಲು ಎಡವಿದಾಗ. ಒಳಗೆ ನಾದಿನಿ ಬಿಸಿನೀರು ತುಂಬಿಸಿ ಕಾಯುತ್ತಿದ್ದಳು. "ಬನ್ನಿ ಭಾವ, ಪಕ್ಕಕ್ಕೆ ನಿಂತ್ಕೊಳ್ಳಿ, ಕಾಲಿಗೆ ನೀರು ಬೀಳುತ್ತೆ," ಎಂದಳು, ನಿನ್ನೆಯಷ್ಟೇ ಬಂದು ಹೋದವರಿಗೆ ಹೇಳುವಂತೆ. ಆ ದಿನ ಎರಡು ಅಂಗಡಿಗಳ ನಡುವೆ ಕೈಗಾಡಿ ಹದಿನಾಲ್ಕು ಬಾರಿ ಓಡಾಡಿತು. ಒಂದು ಕಡೆ ಒಗೆತ, ಇನ್ನೊಂದು ಕಡೆ ಇಸ್ತ್ರಿ. ಉದ್ದದ ಮೇಜುಬಟ್ಟೆಯನ್ನು ಮಡಿಸಲು ಎರಡು ತುದಿಗೆ ಇಬ್ಬರು ಬೇಕಾಗಿತ್ತು. ಷಡ್ಡಕರಿಬ್ಬರೂ ತುದಿ ಹಿಡಿದು, ಹತ್ತಿರ ಬಂದು, ದೂರ ಸರಿದು, ಮತ್ತೆ ಹತ್ತಿರ ಬಂದರು. ಮಾತು ಹೆಚ್ಚಿರಲಿಲ್ಲ. "ಎಡಕ್ಕೆ ಎಳಿ." "ನನ್ನ ಎಡವೋ ನಿಮ್ಮ ಎಡವೋ?" ಇಷ್ಟೇ.

ಐದಕ್ಕೆ ಎಂಟು ನಿಮಿಷ ಮುಂಚೆ ಬಟ್ಟೆ ಹೋಟೆಲು ಮುಟ್ಟಿತು.

ಅದನ್ನು ಹಾಸಿದ ಮೇಜಿನ ಸುತ್ತ ಏಳು ದೇಶದವರು ಎರಡು ಗಂಟೆ ಕುಳಿತು, ಮುಂದಿನ ಸಭೆಯನ್ನು ಯಾರ ದೇಶದಲ್ಲಿ ನಡೆಸಬೇಕೆಂಬುದು ಬಗೆಹರಿಯದೆ, ಅದನ್ನು ನಿರ್ಧರಿಸಲು ಒಂದು ಸಮಿತಿ ಮಾಡಿ ಎದ್ದುಹೋದರು. ಬಟ್ಟೆಯ ಬಿಳುಪನ್ನು ಮಾತ್ರ ಏಳು ದೇಶದವರೂ ಒಮ್ಮತದಿಂದ ಹೊಗಳಿದರಂತೆ.

ಮರುದಿನ ವ್ಯವಸ್ಥಾಪಕರು ವರ್ಷದ ಕರಾರುಪತ್ರ ಮುಂದಿಟ್ಟು, "ಯಾರ ಹೆಸರಿಗೆ ಬರೀಲಿ?" ಎಂದು ಕೇಳಿದರು. ಷಡ್ಡಕ ಅಲ್ಲಿರಲಿಲ್ಲ. ದಂಡನಾಯಕರು ಒಬ್ಬರೇ ಇದ್ದರು. ಹಳೆಯ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಇಬ್ಬರ ಹೆಸರಿಗೂ ಬರೀರಿ," ಎಂದರು. ಆಮೇಲೆ ತಡೆಯಲಾರದೆ, "ಇದೊಂದು ದೂರಾಲೋಚನೆ," ಎಂದು ಸೇರಿಸಿದರು.

ಅಂಗಡಿಗೆ ಬಂದವರು ಹೆಂಡತಿಯನ್ನು ಕೂರಿಸಿಕೊಂಡು ಜಂಟಿ ವ್ಯವಸ್ಥೆಯ ರೂಪರೇಷೆ ವಿವರಿಸತೊಡಗಿದರು. ಬೆಳಗಿನ ಮೊದಲ ಹೊರೆ ಯಾರ ಯಂತ್ರಕ್ಕೆ ಬೀಳಬೇಕೆಂಬ ಸೂಕ್ಷ್ಮ ಪ್ರಶ್ನೆಗೆ ಬಂದಾಗ, "ಇದನ್ನ ಅವಸರದಲ್ಲಿ ತೀರ್ಮಾನಿಸೋಕಾಗಲ್ಲ. ನಾಲ್ಕೂ ಜನ ಕೂತು ಸಭೆ ಮಾಡ್ಬೇಕು," ಎಂದು ತಲೆಯೆತ್ತಿ ನೋಡಿದರು.

ಎದುರಿನ ಕುರ್ಚಿ ಖಾಲಿಯಿತ್ತು. ಹೆಂಡತಿ ಹಾಸುಬಟ್ಟೆಯ ಗಾಡಿ ತಳ್ಳಿಕೊಂಡು ಆಗಲೇ ರಸ್ತೆಯ ನಡುವೆ ಇದ್ದರು.