ಗಾಲಿಚಾದ ಮೇಲೆ ಮೊಳಕಾಲೂರಿದವರು

ಅವ್ವನವರ ಮೂಗುಬೊಟ್ಟು ಗಾಲಿಚಾಕ್ಕೆ ತಾಗುತ್ತಿತ್ತು. ಎರಡೂ ಮೊಳಕಾಲೂರಿ, ಹಸಿರು ಬಳೆಗಳನ್ನು ಮೊಳಕೈ ತನಕ ಸರಿಸಿ, ಸೆರಗನ್ನು ನಡುವಿಗೆ ಬಿಗಿದು, ಮುಖವನ್ನು ನೆಲಮಟ್ಟಕ್ಕೆ ಇಳಿಸಿ ಅವರು ಉಸಿರು ಎಳೆದುಕೊಳ್ಳುತ್ತಿದ್ದರು. ದೂರದಿಂದ ನೋಡಿದವರು ದೇವರಿಗೆ ನಮಸ್ಕಾರ ಹಾಕುತ್ತಿದ್ದಾರೆ ಅಂದುಕೊಳ್ಳಬೇಕು. ಅವರು ಹುಡುಕುತ್ತಿದ್ದದ್ದು ನಾಯಿಯ ಉಚ್ಚೆಯ ವಾಸನೆಯನ್ನು, ಅದು ಪೂರಾ ಹೋಯಿತೋ ಇನ್ನೂ ಉಳಿದಿದೆಯೋ ಎಂದು.

ರಾಯಚೂರಿನ ಹತ್ತಿ ಸಾವುಕಾರರೊಬ್ಬರ ಹೆಂಡತಿ ಅವರು. ನಾನು ಆ ಮನೆಯ ಕಾರು ಓಡಿಸುತ್ತಿದ್ದೆ. ಎಪ್ಪತ್ತರ ದಶಕದ ಮಾತಿದು.

ನನ್ನದು ಮಾನ್ವಿ ತಾಲೂಕಿನ ಮಲ್ಲಟದ ಕಡೆ, ಕುರಿ ಕಾಯುವ ಮನೆತನ. ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟು ಕುರಿಯ ಹಿಂದೆ ಹೋದೆ. ಅಲ್ಲಿಂದ ಲಾರಿ ಕ್ಲೀನರ್ ಆದೆ, ಕ್ಲೀನರಿನಿಂದ ಡ್ರೈವರ್ ಆದೆ. ಖಾಕಿ ಅಂಗಿಯನ್ನು ನಾನೇ ಒಗೆದು, ನಾನೇ ಇಸ್ತ್ರಿ ಮಾಡಿ ಹಾಕಿಕೊಳ್ಳುತ್ತಿದ್ದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ, ಇವತ್ತಿಗೂ. ನಮ್ಮಲ್ಲಿ ನಾಯಿ ಅಂದರೆ ಹಟ್ಟಿ ಕಾಯುವುದು. ಹೊಸ್ತಿಲು ದಾಟಿತೋ ಬಡಿಗೆಯ ಏಟು. ಕುರಿಮರಿ ಕಂಬಳಿಯ ಮೇಲೆ ಉಚ್ಚೆ ಹೊಯ್ದರೆ ನಮಗೆ ಅದು ಹೊಲಸೇ ಅಲ್ಲ, ಬಿಸಿಲಿಗೆ ಹಾಕಿ ಝಾಡಿಸಿದರೆ ಮುಗಿಯಿತು. ನಾಯಿಯದು ಮಾತ್ರ ಹೊಲಸು.

ಸಾವುಕಾರರ ಪಡಸಾಲೆಯಲ್ಲಿ ಹಾಸಿದ್ದು ಕೆಂಪು ಗಾಲಿಚಾ, ಉಣ್ಣೆಯ ರತ್ನಗಂಬಳಿ. ಅವರ ತಂದೆ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ಹೊರಿಸಿಕೊಂಡು ಬಂದದ್ದು. ಹತ್ತಿ ವ್ಯಾಪಾರಿಗಳು ಅದರ ಮೇಲೆ ಕೂತು, ಉಳಿದವರಿಗೆ ಕಾಣದ ಹಾಗೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದರು. ಅದರ ಮೇಲೆ ಅವ್ವನವರು ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಮೊಳಕಾಲೂರಿದ್ದನ್ನು ಮಾತ್ರ ನೋಡಿದ್ದೇನೆ.

ಹೈದರಾಬಾದಿನಲ್ಲಿ ಓದುತ್ತಿದ್ದ ಮಗ ಒಂದು ಬಿಳಿ ಕೂದಲಿನ ನಾಯಿಮರಿ ತಂದು, ಸೂಟಿ ಮುಗಿದ ಮೇಲೆ ಅದನ್ನು ತಾಯಿಯ ಮಡಿಲಿಗೆ ಹಾಕಿ ಹೋದ. ಮೋತಿ ಅಂತ ಅದರ ಹೆಸರು. ಒಂದು ಮುಂಜಾನೆ, ವ್ಯಾಪಾರಿಗಳು ಬರುವ ಹೊತ್ತಿಗೆ ಸರಿಯಾಗಿ, ಮೋತಿ ಗಾಲಿಚಾದ ನಟ್ಟನಡುವೆ ಕೂತು ಎರಡೂ ಕೆಲಸ ಮುಗಿಸಿತ್ತು.

ಸಾವುಕಾರರು ಧೋತರ ಎತ್ತಿ ಹಿಡಿದು ಕೂಗಾಡಿದರು. ದಿನಾ ಹಿಂದಿನ ಗಲ್ಲಿಯಿಂದ ಬಂದು ಪಾಯಖಾನೆ ಬಳಿದುಕೊಂಡು ಹೋಗುವ ಹೆಂಗಸನ್ನು ಕರೆಸಿದರು. ಆಕೆ ಬಂದು ಹಿತ್ತಲ ಬಾಗಿಲ ಹೊರಗೆ ನಿಂತಳು. ಅಲ್ಲಿಂದ ಈಚೆಗೆ ಆಕೆಗೆ ಅಪ್ಪಣೆ ಇರಲಿಲ್ಲ. ಒಳಗಿನವರು ಹೊಲಸು ಮುಟ್ಟುವುದಿಲ್ಲ, ಹೊಲಸು ಮುಟ್ಟುವಾಕೆ ಒಳಗೆ ಬರುವಂತಿಲ್ಲ. ಅಂದ ಮೇಲೆ ಗಾಲಿಚಾವೇ ಹಿತ್ತಲಿಗೆ ಹೋಗಬೇಕು.

“ಲೇ, ಇದನ್ನ ಸುತ್ತಿ ಎಳಕೊಂಡು ಹೋಗಿ ಹಿತ್ತಲದಾಗ ಒಗಿ,” ಎಂದರು ನನಗೆ.

“ನಾ ಸ್ಟೇರಿಂಗ್ ಹಿಡಿಯಾಕ ಬಂದಾವ್ರಿ ಸಾವ್ಕಾರ್ರ. ನಾಯಿ ಹೇಲು ಹೊರಾಕ ಬಂದಿಲ್ಲ.”

“ಹಂಗಾರ ಕೀಲಿ ಇಲ್ಲಿಟ್ಟು ನಡಿ.”

ಮನೆಯಲ್ಲಿ ಹೆಂಡತಿ ಬಸುರಿ. ಕೆಲಸ ಹೋದರೆ ಮತ್ತೆ ಕುರಿಯ ಹಿಂದೆಯೇ. ಆದರೂ ಕಿಸೆಗೆ ಕೈ ಹಾಕಿ ಕೀಲಿ ತೆಗೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವನವರು ಬಂದರು. ಕೈಯಲ್ಲಿ ಹಳೆ ಧೋತರದ ತುಂಡುಗಳು, ಒಂದು ತಗಡಿನ ಚೂರು, ನೀರಿನ ಚರಿಗೆ.

“ಆತ ಖರೇ ಅಂದಾನ. ನಾಯಿ ಆತಂದಲ್ಲ,” ಎಂದರು. ಹಿತ್ತಲ ಬಾಗಿಲ ಕಡೆ ತಿರುಗಿ, “ನೀನೂ ಹೊಳ್ಳಿ ಹೋಗು ತಂಗಿ. ಇದು ನಿನ್ನ ಪಾಲಿಂದಲ್ಲ. ಅನ್ನ ಹಾಕಾಕಿ ನಾನು, ಬಳಿಯಾಕಿನೂ ನಾನ,” ಎಂದರು.

“ಯಾರರ ನೋಡಿದ್ರ ಏನಂದಾರು!” ಸಾವುಕಾರರು ಹಲ್ಲು ಕಚ್ಚಿದರು.

“ಮಂದಿ ಬರೂದ್ರಾಗ ಮುಗೀತದ. ಮೊದಲ ನೀವು ಕಾಲು ತಗೀರಿ, ತುಳದೀರಿ.”

ಸಾವುಕಾರರು ಕಾಲು ತೆಗೆದರು. ಕೀಲಿ ನನ್ನ ಕಿಸೆಗೇ ವಾಪಸು ಹೋಯಿತು.

ಅವರು ಬಳಿಯುವುದೇ ಒಂದು ರೀತಿ. ಗಟ್ಟಿಯಾದದ್ದನ್ನು ತಗಡಿನಿಂದ ಎತ್ತುತ್ತಿದ್ದರು. ಒದ್ದೆಯ ಮೇಲೆ ಧೋತರದ ತುಂಡು ಹಾಕಿ, ಅಂಗೈಯಿಂದ ಒತ್ತಿ ಒತ್ತಿ ಹೀರಿಸುತ್ತಿದ್ದರು, ತಪ್ಪಿಯೂ ತಿಕ್ಕುತ್ತಿರಲಿಲ್ಲ. “ತಿಕ್ಕಿದ್ರ ಒಳಗ ಇಳೀತದ, ಒತ್ತಿದ್ರ ಮ್ಯಾಲ ಬರ್ತದ.” ಆಮೇಲೆ ತಣ್ಣೀರು, ನಿಂಬೆಹಣ್ಣಿನ ನೀರು, ಮತ್ತೆ ಒತ್ತುವುದು. ಕೊನೆಗೆ ಮೇಲೊಂದಿಷ್ಟು ಜೋಳದ ಹಿಟ್ಟು ಉದುರಿಸಿ, ಒಣಗಿದ ಮೇಲೆ ಝಾಡಿಸುವುದು. ಎಲ್ಲ ಮುಗಿದ ಮೇಲೆ ಮೂಗು ಹಚ್ಚಿ ನೋಡುವುದು. ನಮ್ಮ ಮೂಗಿಗೆ ಬಾರದ್ದು ನಾಯಿಯ ಮೂಗಿಗೆ ಬರುತ್ತದೆ, ವಾಸನೆ ಉಳಿದರೆ ಅದು ಮತ್ತೆ ಅಲ್ಲಿಗೇ ಬಂದು ಕೂರುತ್ತದೆ ಎನ್ನುತ್ತಿದ್ದರು. ಮೋತಿಯನ್ನು ಮಾತ್ರ ಹೊಡೆಯಗೊಡುತ್ತಿರಲಿಲ್ಲ.

“ಹೊಡದ್ರ ಹೇತದ್ದು ತಪ್ಪು ಅಂತ ಅದಕ್ಕ ತಿಳಿಯಂಗಿಲ್ಲ. ನಾವು ನೋಡಿದ್ದು ತಪ್ಪಾತು ಅಂತ ತಿಳೀತದ. ನಾಳಿಂದ ಕಪಾಟಿನ ಹಿಂದ ಹೋಗಿ ಕುಂಡ್ರತದ.”

ಈ ಮಾತನ್ನು ನಾನು ನಾಯಿಗಿಂತ ಹೆಚ್ಚಾಗಿ ನನ್ನ ಮಕ್ಕಳ ವಿಷಯದಲ್ಲಿ ನೆನೆಸಿಕೊಂಡಿದ್ದೇನೆ.

ದೇವದುರ್ಗ ಅವರ ತವರು. ಒಮ್ಮೆ ಅಲ್ಲಿಂದ ಬರುವಾಗ, ಮೋತಿ ಅವರ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ನಾನು ಕೇಳಿಯೇಬಿಟ್ಟೆ: “ಇಷ್ಟು ಆಳು ಇಟ್ಕೊಂಡು ನೀವ್ಯಾಕ್ರಿ ಅವ್ವಾರ ಆ ಹೊಲಸು ಮುಟ್ಟೂದು?”

ಅವರು ಕಿಟಕಿಯ ಆಚೆ ಕರಿನೆಲ ನೋಡುತ್ತಾ ಅಂದರು: “ಅನ್ನ ಹಾಕಾಕ ನನ್ನ ಕೈ, ಬಳಿಯಾಕ ಬ್ಯಾರೆವ್ರ ಕೈ ಅಂದ್ರ ಅದು ಸಾಕಿದಂಗ ಹೆಂಗಾದೀತು ತಮ್ಮಾ?”

ನನಗೆ ಆಗ ಅದು ದೊಡ್ಡವರ ಮನೆಯವರ ಮಾತು ಅನ್ನಿಸಿತ್ತು.

ದಿನ ಹೋದಂತೆ ಮೋತಿ ನನಗೆ ಗಂಟುಬಿತ್ತು. ಮಧ್ಯಾಹ್ನ ಕಾರಿನ ಷೆಡ್ಡಿನಲ್ಲಿ ಬುತ್ತಿ ಬಿಚ್ಚಿದರೆ ಎದುರಿಗೆ ಬಂದು ಕೂರುವುದು. ಬೈಯುತ್ತಲೇ ಒಂದು ತುಣುಕು ರೊಟ್ಟಿ ಎಸೆಯುತ್ತಿದ್ದೆ. ಒಂದು ದಿನ ಮಾನ್ವಿಯಿಂದ ಬರುವಾಗ ಮಂಡಕ್ಕಿಯ ಮಂಡಾಳ ಒಗ್ಗರಣೆ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಿದ್ದೆ. ಅದೂ ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು. ಎರಡು ಮಿರ್ಚಿ ಹಾಕಿದೆ. ನಮ್ಮ ಹಟ್ಟಿಯ ನಾಯಿಗಳು ಮಿರ್ಚಿ ಏನು, ಚಪ್ಪಲಿಯನ್ನೂ ಅರಗಿಸಿಕೊಳ್ಳುತ್ತಿದ್ದವು.

ಸಂಜೆ ಒಳಗಿನಿಂದ ಕರೆ ಬಂತು. ಗಾಲಿಚಾದ ಅರ್ಧ ಭಾಗ ಮೋತಿಯ ಕಾರುಬಾರು. ಅವ್ವನವರು ಮೊಳಕಾಲೂರಿ, ತಗಡಿನ ತುದಿಯಿಂದ ಒಂದು ಮೆಣಸಿನಕಾಯಿ ಬೀಜ ಸರಿಸಿ ನೋಡಿದರು.

“ನಮ್ಮ ಮನ್ಯಾಗ ಇವತ್ತು ಮಿರ್ಚಿ ಮಾಡಿಲ್ಲ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಲೂ ಇಲ್ಲ. ಬಳಿ ಅಂತ ಅನ್ನಲೂ ಇಲ್ಲ. ಅಂದಿದ್ದರೆ ಬಹುಶಃ ಕೀಲಿ ಇಟ್ಟು ಹೋಗುತ್ತಿದ್ದೆ. ಅನ್ನಲಿಲ್ಲವಾದ್ದರಿಂದ ಚಪ್ಪಲಿ ಬಿಟ್ಟು, ಇಸ್ತ್ರಿ ಮಾಡಿದ ತೋಳು ಮಡಚಿ ಒಳಗೆ ಹೋದೆ. ಅವರು ಒಂದಿಷ್ಟು ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿದರು.

“ತಿಕ್ಕಬ್ಯಾಡ. ಒತ್ತು.”

ಒತ್ತಿದೆ. ನೀರು ಹಾಕಿ ಮತ್ತೆ ಒತ್ತಿದೆ. ಒಂದು ಕಡೆಯಿಂದ ಅವರು, ಒಂದು ಕಡೆಯಿಂದ ನಾನು. ಹೊರಗಿನಿಂದ ಬಂದ ಸಾವುಕಾರರು ಬಾಗಿಲಲ್ಲೇ ನಿಂತರು.

“ಏನಲೇ, ಸ್ಟೇರಿಂಗ್ ಬಿಟ್ಟು ಇದನ್ನ ಹಿಡಿದಿ?”

ಒತ್ತುವ ಕೈ ನಿಲ್ಲಲಿಲ್ಲ, ತಲೆ ತಗ್ಗಲಿಲ್ಲ. “ಮಿರ್ಚಿ ಹಾಕಿದಾವ ನಾನ್ರಿ ಸಾವ್ಕಾರ್ರ. ಇದು ನನ್ನ ಪಾಲಿಂದು.”

ಅವ್ವನವರು ನಕ್ಕರು. ಬಾಯಿ ಮುಚ್ಚಿಕೊಳ್ಳಲು ಕೈ ಸ್ವಚ್ಛ ಇರಲಿಲ್ಲ, ಹಾಗಾಗಿ ಬಾಯ್ತುಂಬ ನಕ್ಕರು. “ಹಂಗಾರ ಮೂಗು ಹಚ್ಚೂದೂ ನಿಂದ,” ಎಂದರು. ಹಚ್ಚಿದೆ. ನಿಂಬೆ, ಜೋಳದ ಹಿಟ್ಟು, ಹಳೆ ಉಣ್ಣೆ. ನನ್ನ ಅಪ್ಪನ ಕಂಬಳಿಯ ವಾಸನೆಯೇ ಅದು.

ಹೊಲಸು ಬಳಿದು ಎದ್ದಾಗ ನಾನು ಗಿಡ್ಡಾಗಿರಲಿಲ್ಲ. ಇದು ನನಗೆ ಆ ದಿನ ತಿಳಿಯಿತು. ಆದರೆ ಅದರ ಇನ್ನೊಂದು ಬದಿ ತಿಳಿಯುವುದಕ್ಕೆ ಬಹಳ ವರ್ಷ ಬೇಕಾಯಿತು.

ಮೋತಿ ಸತ್ತಿತು. ನಾನು ಆ ಮನೆಯ ಕೆಲಸ ಬಿಟ್ಟು ಒಂದು ಹಳೆ ಮೆಟಡೋರ್ ಕೊಂಡು, ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆ ಕೆಲಸಗಾರರನ್ನು ಬಿಡುವುದು, ತರುವುದು ಮಾಡುತ್ತಿದ್ದೆ. ಅಲ್ಲಿರುವಾಗಲೇ ಅವ್ವನವರು ಹೋದ ಸುದ್ದಿ ಬಂತು. ಗಾಡಿ ತಿರುಗಿಸಿಕೊಂಡು ಬಂದೆ.

ಪಡಸಾಲೆಯ ಬರೀ ನೆಲದ ಮೇಲೆ ಅವರನ್ನು ಇಟ್ಟಿದ್ದರು. ಸುತ್ತಿದ ಗಾಲಿಚಾ ಕಾರಿನ ಷೆಡ್ಡಿನ ಗೋಡೆಗೆ ಒರಗಿತ್ತು. ಸಾವುಕಾರರು ಮುಂದಿನ ಬಾಗಿಲ ಹೊಸ್ತಿಲಿಗೆ ಅಡ್ಡವಾಗಿ ಕಾಲು ಚಾಚಿ, ಕಂಬಕ್ಕೆ ಒರಗಿ ಕೂತಿದ್ದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ, ಬೇವಿನ ಗಿಡದ ಕೆಳಗೆ ಆ ಹಿಂದಿನ ಗಲ್ಲಿಯ ಹೆಂಗಸು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ಸೆರಗಿನಲ್ಲಿ ಒಂದಿಷ್ಟು ಚೆಂಡುಹೂವು.

“ಯಾಕವ್ವ ಇಲ್ಲಿ ನಿಂತಿ? ಒಳಗ ಹೋಗಿ ಹೂವು ಹಾಕಬಾರದೇನು?”

“ಬ್ಯಾಡ ಯಣ್ಣಾ, ಇಲ್ಲಿಂದನ ಕೈ ಮುಗೀತೀನಿ.” ಆಕೆ ಸೆರಗು ಬಿಗಿ ಹಿಡಿದುಕೊಂಡಳು. “ಈ ಊರಾಗ ಎಲ್ಲಾರೂ ನನ್ನ ‘ಬಾ, ಬಳಿ’ ಅಂತನ ಕರದಾರ. ‘ಇದು ನಿನ್ನ ಪಾಲಿಂದಲ್ಲ, ಹೊಳ್ಳಿ ಹೋಗು’ ಅಂದಾಕಿ ಈಕಿ ಒಬ್ಬಾಕಿನ. ಅವತ್ತು ನಾ ಮನಿಗಿ ಹೋಗಿ ಸುಮ್ನ ಕುಂತಿದ್ದೆ, ಏನ್ ಮಾಡಬೇಕು ತಿಳೀದ.”

ಆ ದಿನ ನಾನೂ ಅಲ್ಲೇ ಇದ್ದೆ. ಸ್ಟೇರಿಂಗ್ ಹಿಡಿಯುವ ನನ್ನ ಕೈಗೆ ಆಗದ ಹೊಲಸು ಆಕೆಯ ಕೈಗೆ ಆಗುತ್ತದೆ ಎಂದೇ ನಾನೂ ನಂಬಿದ್ದೆ. ಅವ್ವನವರು ಒಂದೇ ಮಾತಿನಲ್ಲಿ ನಮ್ಮಿಬ್ಬರನ್ನೂ ಬಿಡಿಸಿದ್ದರು. ನಾನು ನೋಡಿದ್ದು ನನ್ನ ಕೀಲಿಯನ್ನು ಮಾತ್ರ.

“ಬಾ,” ಎಂದೆ. ಹಿತ್ತಲ ಬಾಗಿಲಿನಿಂದಲ್ಲ, ಮನೆಯನ್ನು ಬಳಸಿಕೊಂಡು ಮುಂದಿನ ಬಾಗಿಲಿಗೆ ಕರೆದುಕೊಂಡು ಬಂದೆ. ಆಕೆ ನನ್ನ ಹಿಂದೆ ಹೆಜ್ಜೆ ಹಿಂಜರಿಯುತ್ತಲೇ ಬಂದಳು. ಕೂತಿದ್ದ ಮಂದಿ ಅತ್ತಿತ್ತ ಸರಿದು ಕೂತರು.

“ಸಾವ್ಕಾರ್ರ, ಅವ್ವಾರ್ಗೆ ಹೂವು ಹಾಕಾಕ ಬಂದಾಳ.”

ಸಾವುಕಾರರು ತಲೆ ಎತ್ತಿ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಮಲಗಿದ್ದ ಹೆಂಡತಿಯನ್ನು ನೋಡಿದರು. ಆಮೇಲೆ ಹೊಸ್ತಿಲಿನಿಂದ ಕಾಲು ತೆಗೆದರು.