ಕೊನೆಯ ನುಡಿಯಲ್ಲಿ ವಿದ್ಯಾವತಿ

ನಿಡೋಣಿಯ ಸಂಗನಬಸವ ತನ್ನ ಮೊದಲ ಹಾಡು ಕಟ್ಟಿದ್ದು ಕಬ್ಬಿಗೆ ನೀರು ಹಾಯಿಸುತ್ತ, ಸೈಕಲ್ಲಿನಿಂದ ಬಿದ್ದ ಹುಡುಗಿಯೊಬ್ಬಳ ಮೇಲೆ. ಈಗ ಕೇಳಿದರೆ ಅಂಥ ಘನವಾದ ಸಾಹಿತ್ಯವೇನಲ್ಲ. ಆದರೆ ಆ ವರ್ಷ ಬಬಲೇಶ್ವರದ ದಾರಿಯಲ್ಲಿ ಅದನ್ನು ಹಾಕದ ಟೆಂಪೋಗೆ ಜನ ಹತ್ತುತ್ತಿರಲಿಲ್ಲ.

ಆಮೇಲೆ ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೆಮರಿ ಕಾರ್ಡು ಬಂತು, ಈಗ ಯೂಟ್ಯೂಬು. ಸಂಗಣ್ಣನಿಗೆ ಹೊಟ್ಟೆ ಬಂತು, ಕೂದಲು ಹೋಯಿತು. ಬದಲಾಗದೆ ಉಳಿದದ್ದು ನಮ್ಮ ಮೇಳವೊಂದೇ. ಹಾಡು ಬರೆದು ಹಾಡುವ ಅವನು, ಸೊಲ್ಲಾಪುರ ರಸ್ತೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಕೀಬೋರ್ಡ್ ನುಡಿಸುವ ಇಸ್ಮಾಯಿಲ, ಢೋಲಕಿ ಬಾರಿಸುವ ನಾನು ಶ್ರೀಶೈಲ, ಮತ್ತೆ ಜೋಡಿಹಾಡಿನ ಹೆಣ್ಣುದನಿ ವಿದ್ಯಾವತಿ.

ನಮ್ಮ ಕಡೆಯ ಹಾಡಿಗೊಂದು ರೂಢಿಯಿದೆ. ಕೊನೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರಿನ ಹೆಸರು, ಬರೆದವನ ಹೆಸರು, ಬಾರಿಸಿದವರ ಹೆಸರು ಬರಲೇಬೇಕು. ಮದುವೆಯ ಮೆರವಣಿಗೆಯಲ್ಲಿ ಡಿಜೆಯವನು ಆ ನುಡಿ ಬಂದಾಗ ಬೇಕಂತಲೇ ಸೌಂಡು ಏರಿಸುತ್ತಾನೆ. ಸಂಗಣ್ಣನ ಹಾಡುಗಳಲ್ಲಿ ಒಂದು ಸಾಲು ನಿಡೋಣಿಗೆ, ಒಂದು ಇಸ್ಮಾಯಿಲನಿಗೆ, ಒಂದು ನನಗೆ, ಕೊನೆಯದು ಅವನಿಗೆ. ವಿದ್ಯಾವತಿಗೆ ಇಲ್ಲ. ಲಗ್ನವಾಗದ ಹುಡುಗಿಯ ಹೆಸರು ಟೆಂಪೋಗಳಲ್ಲಿ ಕೂಗಬಾರದೆಂದು ಅವಳ ಅಪ್ಪ ಮೊದಲೇ ಷರತ್ತು ಹಾಕಿದ್ದ. ಅವಳಿಗೆ ಲಗ್ನವಾಯಿತು, ವಿಜಯಪುರದಲ್ಲಿ ನರ್ಸ್ ಕೆಲಸ ಸಿಕ್ಕಿತು, ಮಗಳು ಪೂರ್ವಾ ಕಾಲೇಜು ಸೇರಿದಳು, ಅಪ್ಪ ತೀರಿಕೊಂಡ. ಷರತ್ತು ಮಾತ್ರ ಗುಂಡುಕಲ್ಲಿನ ಹಾಗೆ ಇತ್ತು. ಅದನ್ನು ಸರಿಸಬೇಕೆಂದು ನಮ್ಮ ಮೂವರಿಗೂ ಹೊಳೆಯಲಿಲ್ಲ. ಗಂಡಸರ ಬುದ್ಧಿಯೇ ಅಷ್ಟು.

ಹೋದ ವರ್ಷ ಹೊಸ ಹಾಡಿನ ರೆಕಾರ್ಡಿಂಗಿಗೆ ಬಂದವಳು ಹೆಡ್‌ಫೋನು ಹಾಕಿಕೊಳ್ಳದೆ ನಿಂತಳು.

“ಸಂಗಣ್ಣ, ಈ ಸಲ ನನ್ನ ಹೆಸರ ಹಾಕ್ರಿ. ಪೂರ್ವಾನ ಗೆಳತ್ಯಾರು, ನಿಮ್ಮವ್ವ ಹಾಡ್ಯಾಳಂದ್ರ ಹೆಸರ ಎಲ್ಲಿ ಐತಿ ಅಂತ ಕೇಳ್ಯಾರ. ಸುಳ್ಳ ಹೇಳ್ತಾಳಂತ ನಕ್ಕಾರ.”

“ಹಾಕೂಣ ತಂಗಿ, ಅದರಾಗೇನೈತಿ,” ಅಂದ ಸಂಗಣ್ಣ.

ಅಂದಷ್ಟು ಸುಲಭವಿರಲಿಲ್ಲ. ಐದನೆಯ ಸಾಲು ಸೇರಿಸೋಣವೆಂದರೆ ಇಸ್ಮಾಯಿಲ ಒಪ್ಪಲಿಲ್ಲ. “ನಾಕ ಸಾಲಿಗೆ ತಿರುವು ಬರತೈತಿ. ಐದನೇದ್ದು ಬಂದ್ರ ಕುಣಿಯೋರು ಕಾಲ ಎಲ್ಲಿ ಇಡಬೇಕು?” ಒಂದೇ ಸಾಲಿನಲ್ಲಿ ಇಬ್ಬರನ್ನು ತುರುಕಿ ನೋಡಿದೆವು, ಹಾಡು ಕುಂಟಿತು. ಊರನ್ನು ಬಿಟ್ಟರೆ ಊರಿನವರು ಬಿಡುವುದಿಲ್ಲ. ಇಸ್ಮಾಯಿಲನನ್ನು ಬಿಡೋಣವೆಂದರೆ ಸ್ಟುಡಿಯೋ ಅವನದು. ನಾನು ಢೋಲಕಿಯ ಹಗ್ಗ ಬಿಗಿಯುವುದರಲ್ಲಿ ಭಾರಿ ಮಗ್ನನಾದೆ.

ಉಳಿದದ್ದು ಸಂಗಣ್ಣ. ಹೆಸರೆಂದರೆ ಅವನಿಗೆ ಜೀವ. ದಾರಿಯಲ್ಲಿ ಎಲ್ಲಾದರೂ ತನ್ನ ಹಾಡು ಕೇಳಿಸಿದರೆ ಬೈಕು ನಿಲ್ಲಿಸಿ, ಕೊನೆಯ ಸಾಲು ಬಂದು ಹೋಗುವ ತನಕ ಕದಲುತ್ತಿರಲಿಲ್ಲ. ಅವನ ಚಹಾ ಆರಿತು. ಒಮ್ಮೆ ಹೊರಗೆ ಹೋಗಿ ಬಂದ. ಬಂದವನೇ ಮೈಕಿನ ಮುಂದೆ ನಿಂತು ಹಾಡಿದ: “ವಿದ್ಯಾವತಿ ಹಾಡಿದರ ಊರ ಎದ್ದ ಕುಣಿತೈತಿ.” ಅವನ ಹೆಸರೇ ಇಲ್ಲದ ಅವನ ಮೊದಲ ಹಾಡು ಅದು. ವಿದ್ಯಾವತಿ ಬೇಡವೆಂದಳು, ಅವನು ಕೇಳಲಿಲ್ಲ.

ಹಾಡು ಹಬ್ಬಿತು. ಬಬಲೇಶ್ವರದ ಚಹಾದಂಗಡಿಯಲ್ಲಿ ಒಬ್ಬ ನಮ್ಮೆದುರಿಗೇ, “ಸಂಗಣ್ಣ, ನೀವು ಹಾಡ ಬರಿಯೂದ ಬಿಟ್ರೇನ್ರಿ? ಈ ಹೊಸಾದ ಯಾರೋ ಬರದಾರ ನೋಡ್ರಿ, ನಿಮಗಿಂತ ಛಲೋ ಬರದಾರ,” ಅಂದ. ಸಂಗಣ್ಣ ಅವನಿಗೊಂದು ಚಹಾ ಹೇಳಿದ. ನನಗೆ ಹೊಟ್ಟೆ ಹಿಡಿದುಕೊಂಡು ನಗಬೇಕೆನಿಸಿತು, ಅಷ್ಟೇ ಸಂಕಟವೂ ಆಯಿತು.

ಮುಂದೆ ಟಿಕೋಟಾದಲ್ಲಿ ದ್ರಾಕ್ಷಿ ಬೆಳೆಗಾರರೊಬ್ಬರ ಮನೆಯ ಮದುವೆ. ಸಂಜೆ ನಮ್ಮ ಕಾರ್ಯಕ್ರಮ. ಪೂರ್ವಾ ಗೆಳತಿಯರನ್ನು ಕಟ್ಟಿಕೊಂಡು ಮುಂದೆಯೇ ಕುಳಿತಿದ್ದಳು. ಕೊನೆಯ ನುಡಿ ಯಾವತ್ತೂ ಸಂಗಣ್ಣನದು. ಅವತ್ತು ಮೂರು ಸಾಲು ಹಾಡಿ ಮೈಕನ್ನು ವಿದ್ಯಾವತಿಯ ಕೈಗೆ ಕೊಟ್ಟ.

“ನಿನ್ನ ಹೆಸರ ನೀನ ಹೇಳ ತಂಗಿ.”

ಅವಳು ಬಾಯಿ ತೆರೆದಳು. ದನಿ ಬರಲಿಲ್ಲ. ಇಸ್ಮಾಯಿಲ ಅದೇ ಸ್ವರವನ್ನು ಎಳೆಯುತ್ತ ಕಾದ, ನಾನು ತಾಳ ಬಿಡದೆ ಬಾರಿಸುತ್ತ ಹೋದೆ. ಆಗ ಪೆಂಡಾಲಿನ ಜನವೇ ಹಾಡಿತು: “ವಿದ್ಯಾವತಿ ಹಾಡಿದರ...” ಹೆಂಗಸರು, ಅಡಿಗೆಯವರು, ಹಾರ ಹಾಕಿಕೊಂಡ ಮದುಮಗ ಸಹಿತ. ಪೂರ್ವಾಳ ಗೆಳತಿಯರ ದನಿ ಎಲ್ಲರಿಗಿಂತ ಮೇಲಿತ್ತು.

ಎರಡನೆಯ ಸಲ ಅವಳೇ ಹಾಡಿದಳು, ಪೂರಾ ಗಂಟಲು ಬಿಟ್ಟು. ನನ್ನ ಕಣ್ಣು ತುಂಬಿ ತಾಳ ತಪ್ಪಿತು. ಯಾರೂ ಗಮನಿಸಲಿಲ್ಲ ಪುಣ್ಯಕ್ಕೆ.

ಮೊನ್ನೆ ಸಂಗಣ್ಣನ ಹಿಂದೆ ಕುಳಿತು ಕಳ್ಳಕವಟಗಿಗೆ ಹೊರಟಿದ್ದೆ. ಯಾವುದೋ ಟ್ರ್ಯಾಕ್ಟರಿನಲ್ಲಿ ಅದೇ ಹಾಡು. ಅವನು ಬೈಕು ನಿಲ್ಲಿಸಿದ.

“ಇದರಾಗ ನಿನ್ನ ಹೆಸರಿಲ್ಲೋ ಮಾರಾಯಾ, ನಡಿ,” ಅಂದೆ.

“ತಡೀಪಾ,” ಅಂದ, “ತಂಗೀದು ಬರೋದೈತಿ.”