ಬೈಕು ಸ್ಟಾರ್ಟಾಗದ ವರ್ಷ

ಕಳೆದ ಭಾನುವಾರ ಎದುರುಮನೆಯವರು ಗ್ಯಾರೇಜಿನ ಬಾಗಿಲು ತೆರೆದು, ಮಳೆಗಾಲವಿಡೀ ಮುಚ್ಚಿಟ್ಟಿದ್ದ ತಮ್ಮ ಬೈಕನ್ನು ಹೊರಗೆ ತಳ್ಳಿದರು. ಟ್ಯಾಂಕಿನಲ್ಲಿ ಉಳಿದಿದ್ದ ಹಳೇ ಪೆಟ್ರೋಲನ್ನು ಕ್ಯಾನಿಗೆ ಇಳಿಸಿದರು. ನಾನು ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೆ. ಆ ವಾಸನೆ ರಸ್ತೆ ದಾಟಿ ಬಂತು... ಹೊಸ ಪೆಟ್ರೋಲಿನ ಘಾಟಲ್ಲ, ಬಣ್ಣದ ಡಬ್ಬವನ್ನು ಬಹಳ ದಿನ ತೆರೆದಿಟ್ಟಾಗ ಬರುವಂಥ ಹುಳಿ ವಾಸನೆ. ಕುಂಡ ತುಂಬಿ ನೀರು ನನ್ನ ಕಾಲ ಮೇಲೆ ಹರಿಯಿತು. ಒಳಗೆ ಬಂದು ಕೂತೆ. ಏನಾಯಿತು ಅಜ್ಜಿ ಎಂದು ನೀವು ಯಾರೂ ಕೇಳಲಿಲ್ಲ, ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವುದು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಓದಲು ಕಷ್ಟವಾದರೆ ನಿಮ್ಮಮ್ಮ ಓದಿ ಹೇಳಲಿ.

ಇದು ನಿಮ್ಮ ತಾತನ ವಿಷಯ. ಅವರ ಹೆಸರನ್ನು ನಾನು ಎಂದೂ ಹೇಳಿದವಳಲ್ಲ. ಶಾಲೆಯ ಫಾರ್ಮಿಗೆ ಬೇಕೆಂದು ನೀವು ಕೇಳಿದಾಗಲೂ ನಿಮ್ಮಪ್ಪನ ಕಡೆ ಕೈ ತೋರಿಸಿದ್ದೆ. ಇಲ್ಲಿಯೂ ಬರೆಯುವುದಿಲ್ಲ.

ಅವರು ಹಾಸನದ ಕಡೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದರು. ಬೈಕಿನ ಹಿಂದೆ ಔಷಧಿ ಪೆಟ್ಟಿಗೆ ಕಟ್ಟಿಕೊಂಡು ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದವರು. ಮಗನ ಜೊತೆ ಇರಲೆಂದು ಈ ಪರದೇಶದ ಊರಿಗೆ, ಎವರ್‌ಗ್ರೀನಿಗೆ, ಬಂದ ಮೇಲೆ, ಅರವತ್ತಾರನೆಯ ವಯಸ್ಸಿನಲ್ಲಿ, ಇಲ್ಲಿನ ಲೈಸೆನ್ಸು ಪರೀಕ್ಷೆ ಪಾಸು ಮಾಡಿ ಒಂದು ಹಳೇ ಬೈಕು ತಂದರು. ಕಿಕ್ ಹೊಡೆದು ಸ್ಟಾರ್ಟ್ ಮಾಡುವಂಥದ್ದು. ಭಾನುವಾರ ಬೆಳಿಗ್ಗೆ ಅದರಲ್ಲಿ ಗುಡ್ಡದ ರಸ್ತೆ ಹತ್ತುತ್ತಿದ್ದರು. ಮೇಲೆ ತಂತಿಬೇಲಿಯ ಆಚೆ ದನಗಳು ಮೇಯುತ್ತವಲ್ಲ, ಅವುಗಳನ್ನು ನೋಡಲು. ಬಂದವರು ಶೂ ಬಿಚ್ಚುವ ಮೊದಲೇ ಶುರು: "ಆ ಬಿಳಿ ಮುಖದ್ದು ಕರು ಹಾಕೈತೆ ಕಣೇ. ಇನ್ನೊಂದು ಹಿಂಗಾಲು ಎಳೀತೈತೆ. ಗೊರಸು ನೋಡೋರೇ ಇಲ್ಲ ಅದಕ್ಕೆ." ಈ ಊರಿನಲ್ಲಿ ಅವರಿಗೆ ಗುರುತಿದ್ದದ್ದು ಆ ದನಗಳು ಮಾತ್ರ ಎಂದು ನನಗೆ ಎಷ್ಟೋ ಸಲ ಅನಿಸಿತ್ತು.

ನವೆಂಬರಿನಲ್ಲಿ ಮಳೆ ಹಿಡಿದರೆ ಬೈಕು ಗ್ಯಾರೇಜು ಸೇರುತ್ತಿತ್ತು. ಬ್ಯಾಟರಿ ಬಿಚ್ಚಿ ಮೇಲಿಡುತ್ತಿದ್ದರು, ಇಲಿ ಸೇರದ ಹಾಗೆ ಸೈಲೆನ್ಸರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟುತ್ತಿದ್ದರು. ಮಾರ್ಚಿನಲ್ಲಿ ಬಿಸಿಲು ಬಂದಾಗ ಅದನ್ನು ಎಬ್ಬಿಸುವುದು ಎರಡು ದಿನದ ಕೆಲಸ. ಹಳೇ ಪೆಟ್ರೋಲು ತೆಗೆಯುವುದು, ಪ್ಲಗ್ಗು ಉಜ್ಜುವುದು, ಚೈನಿಗೆ ಎಣ್ಣೆ, ಟೈರಿಗೆ ಗಾಳಿ. ಟಾರ್ಚು ಹಿಡಿಯುವವಳು ನಾನು.

"ಲೈಟು ಸರಿಯಾಗಿ ಬಿಡೇ. ಎಮ್ಮೆ ಈಯೋವಾಗ ಆಕಾಶ ನೋಡ್ಕಂಡು ನಿಂತಂಗೆ ನಿಂತಿದ್ದೀಯ."

"ನಂಗೇನ್ರೀ ಗೊತ್ತಾಗುತ್ತೆ ಇದೆಲ್ಲ."

"ಗೊತ್ತಾಗಕ್ಕೆ ಏನೈತೆ? ಪೆಟ್ರೋಲು, ಕಿಡಿ, ಗಾಳಿ. ಮೂರೇ. ಮೂರ್ರಲ್ಲಿ ಒಂದಿಲ್ಲ ಅಂದ್ರೆ ಇದು ಏಳಲ್ಲ."

ಹೀಗೆ ಐದು ವರ್ಷ ಟಾರ್ಚು ಹಿಡಿದು ನನಗೂ ಎಲ್ಲ ತಿಳಿಯಿತು.

ಆರನೆಯ ವರ್ಷ ಜನವರಿಯಲ್ಲಿ ಅವರು ಅಡುಗೆಮನೆಯಲ್ಲಿ ತಲೆಸುತ್ತಿ ಬಿದ್ದರು. ಬಿಪಿ ಮಾತ್ರೆ ಬದಲಾಯಿಸಿದ ಮೇಲೆ ಸರಿಹೋಯಿತು. ಮಾರ್ಚಿನಲ್ಲಿ ಡಾಕ್ಟರು ಇನ್ನು ಗಾಡಿ ಓಡಿಸಬಹುದು ಎಂದರು. ನಿಮ್ಮಪ್ಪ ಒಪ್ಪಲಿಲ್ಲ. ಅಡುಗೆಮನೆಗೆ ಬಂದು ನನ್ನ ಹತ್ತಿರ ಹೇಳಿದ: "ಅಮ್ಮ, ಆ ಗುಡ್ಡದ ಟರ್ನಿಂಗಲ್ಲಿ ತಲೆ ಸುತ್ತಿದ್ರೆ? ನಾನು ಹೇಳಿದ್ರೆ ಫೈಟೇ ಆಗುತ್ತೆ. ನೀನೇ ಏನಾದ್ರೂ ಮಾಡು. ಬೈಕು ಸ್ಟಾರ್ಟೇ ಆಗ್ಲಿಲ್ಲ ಅಂದ್ರೆ ಪ್ರಾಬ್ಲಮ್ಮೇ ಇರಲ್ಲ ನೋಡು."

ನನಗೂ ಭಯವಿತ್ತು, ಸುಳ್ಳೇಕೆ ಹೇಳಲಿ. ಆದರೆ "ರೀ, ನನಗೆ ಹೆದರಿಕೆ ಆಗುತ್ತೆ, ಹೋಗಬೇಡಿ" ಎಂದು ಅವರ ಮುಖ ನೋಡಿ ಹೇಳುವುದು ನನ್ನಿಂದಾಗಲಿಲ್ಲ. ಹೇಳಿದ್ದರೆ ಬೈಯುತ್ತಿದ್ದರು, ಸಿಡುಕುತ್ತಿದ್ದರು, ಆಮೇಲೆ ಒಪ್ಪುತ್ತಿದ್ದರೋ ಏನೋ... ನಾನು ಯಾರಿಗೂ ಎದುರು ಮಾತಾಡಿದವಳಲ್ಲ. ಗಂಡನಿಗೂ ಇಲ್ಲ, ಮಗನಿಗೂ ಇಲ್ಲ. ಬಾಯಲ್ಲಿ ಆಡುವುದಕ್ಕಿಂತ ಕೈಯಲ್ಲಿ ಮಾಡುವುದು ನನಗೆ ಸುಲಭವಾಗಿತ್ತು.

ಆ ಶನಿವಾರ ಬೆಳಿಗ್ಗೆ ಅವರು ಏರ್ ಫಿಲ್ಟರು ಬಿಚ್ಚಿ, ಧೂಳು ಕೊಡವಿ, ಮತ್ತೆ ಕೂಡಿಸಿದ್ದರು. ಊಟವಾಗಿ ಅವರು ಮಲಗಿದಾಗ ನಾನು ಗ್ಯಾರೇಜಿಗೆ ಹೋದೆ. ಮುಚ್ಚಳದ ಸ್ಕ್ರೂ ತೆಗೆದು, ಫಿಲ್ಟರು ಹೊರಗಿಟ್ಟು, ಅಲ್ಲಿಂದ ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಗೆ ನನ್ನದೊಂದು ಹಳೇ ರವಿಕೆಯನ್ನು ತುರುಕಿದೆ. ಎಲ್ಲವನ್ನೂ ಮೊದಲಿನಂತೆ ಮುಚ್ಚಿದೆ. ಅವರೇ ಕಲಿಸಿದ ಕೆಲಸ.

ಭಾನುವಾರ ಅವರು ಕಿಕ್ ಹೊಡೆದೇ ಹೊಡೆದರು. ಬೆವರು ಇಳಿಯಿತು. ಪೆಟ್ರೋಲು ನೋಡಿದರು, ಬರುತ್ತಿತ್ತು. ಪ್ಲಗ್ಗು ಬಿಚ್ಚಿ ನೋಡಿದರು, ಕಿಡಿ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಫಿಲ್ಟ್ರು ನೋಡಿದ್ವೇನೇ ನಾವು?"

"ನೋಡಿದ್ವಲ್ರೀ. ನಿನ್ನೇನೇ ಕೊಡವಿ ಹಾಕಿದ್ರಿ."

"ಹೂಂ, ಹೌದಲ್ಲ. ಸದ್ಯ ನೀನಿದ್ದೀಯ. ಇಲ್ದಿದ್ರೆ ಅದನ್ನೂ ಇನ್ನೊಂದ್ಸಲ ಬಿಚ್ಕಂಡು ಕೂರ್ತಿದ್ದೆ."

ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ನಾಲ್ಕು ದಿನ ಹಾಗೇ ಕಳೆಯಿತು. ನಾಲ್ಕನೆಯ ದಿನ ಅವರು ನೆಲದ ಮೇಲೆ ಕೂತು ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಹೋಯ್ತು ಕಣೇ. ಆವತ್ತು ಬಿದ್ನಲ್ಲ, ತಲೇಲಿ ಏನೋ ಕೆಟ್ಟೈತೆ. ಇಷ್ಟು ವರ್ಷ ಮಾಡಿದ್ ಕೆಲ್ಸ... ಎಲ್ಲಿ ತಪ್ತಾ ಇದೀನಿ ಅಂತ್ಲೇ ತಿಳೀತಾ ಇಲ್ಲ." ಆಗಲಾದರೂ ಹೇಳಬಹುದಾಗಿತ್ತು. ನಾನು ಟಾರ್ಚು ಆರಿಸಿ, ಕಾಫಿ ಮಾಡುತ್ತೇನೆ ಎಂದು ಒಳಗೆ ಹೋದೆ.

ಮೆಕ್ಯಾನಿಕ್ಕಿಗೆ ತೋರಿಸೋಣವೇ ಎಂದು ಅವರೇ ಕೇಳಿದರು. ಹಳೇ ಗಾಡಿ, ಪಾರ್ಟ್ಸು ಸಿಗಲ್ಲ ಅಪ್ಪ ಎಂದ ನಿಮ್ಮಪ್ಪ. ಕೊನೆಗೆ ಅದನ್ನು ಮಾರಿದೆವು; ಹತ್ತಿರದ ಊರು ಸರಟೋಗಾ ಕಡೆಯ ಒಬ್ಬರು ಬಂದು ಬೈಕನ್ನು ಟ್ರಕ್ಕಿಗೆ ಹೇರಿಕೊಂಡು ಹೋದರು. ಒಂದು ವಾರ ಬಿಟ್ಟು ಫೋನು ಮಾಡಿ, ಒಳಗೆ ಬಟ್ಟೆ ಸಿಕ್ಕಿತು, ಇಲಿ ಎಳೆದುಕೊಂಡು ಹೋಗಿರಬೇಕು, ಈಗ ಗಾಡಿ ಚೆನ್ನಾಗಿ ಓಡುತ್ತಿದೆ ಎಂದರಂತೆ. ನಿಮ್ಮಪ್ಪ ನನ್ನ ಮುಖ ನೋಡಿದ. "ಅಮ್ಮ, ನೀನಾ?" ನಾನು ಹೌದೆಂದು ತಲೆಯಾಡಿಸಿದೆ. "ಅಪ್ಪಂಗೆ ಹೇಳ್ಬೇಡ. ಈಗ ಹೇಳಿ ಏನ್ ಯೂಸು" ಎಂದ. ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ನನ್ನ ಮುಖದಲ್ಲೂ ಇತ್ತೇನೋ.

ಆ ಮೇಲೆ ಅವರು ತಮ್ಮ ಕೈಯನ್ನು ಯಾವ ಕೆಲಸಕ್ಕೂ ನಂಬಲಿಲ್ಲ. ಗ್ಯಾಸ್ ಹಚ್ಚುವುದನ್ನು ಬಿಟ್ಟರು. ಬಾಗಿಲು ಹಾಕಿ ಬಂದು, ಹಾಕಿದೆನೇ ಎಂದು ನನ್ನನ್ನು ಕೇಳುತ್ತಿದ್ದರು. ಮಾತ್ರೆಯನ್ನು ನಾನೇ ಎತ್ತಿ ಕೊಡಬೇಕಾಯಿತು. ಡಾಕ್ಟರು ನೆನಪಿನ ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದರು. "ನನ್ನ ಸಮಾಧಾನಕ್ಕೆ ಅಂತಾರೆ ಬಿಡು" ಎಂದರು ಇವರು. ನಿಮ್ಮಪ್ಪ ಒಂದು ಸಲ ಕಾರಿನಲ್ಲಿ ಗುಡ್ಡಕ್ಕೆ ಕರೆದುಕೊಂಡು ಹೋದ. ಅವನಿಗೆ ಫೋನಿನಲ್ಲಿ ಮೀಟಿಂಗು. ದನಗಳು ದೂರದಲ್ಲಿದ್ದವು. ಅವರು ಇಳಿಯಲೂ ಇಲ್ಲ, "ಸಾಕು, ನಡಿ" ಎಂದರು. ಎರಡು ವರ್ಷ ಸೋಫಾದ ಮೇಲೆ ಕೂತಿದ್ದು ಹೊರಟುಹೋದರು. ಯಾವ ಟರ್ನಿಂಗಿನಲ್ಲೂ ಬೀಳಲಿಲ್ಲ. ನಾವು ಅವರನ್ನು ಅಷ್ಟು ಚೆನ್ನಾಗಿ ಕಾಪಾಡಿದೆವು.

ನಿನ್ನೆ ಊಟಕ್ಕೆ ಕೂತಾಗ ನಿಮ್ಮಲ್ಲಿ ಚಿಕ್ಕವಳು, ತಾತನ ಹತ್ತಿರ ನಿಜವಾಗಲೂ ಬೈಕಿತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಇತ್ತು ಪುಟ್ಟಿ. ಲಾಸ್ಟಲ್ಲಿ ಮೆಮೊರಿ ಹೋಗ್ಬಿಟ್ಟಿತ್ತು, ಪಾಪ. ಸ್ಟಾರ್ಟ್ ಮಾಡೋಕೂ ಗೊತ್ತಾಗ್ತಿರ್ಲಿಲ್ಲ" ಎಂದ ನಿಮ್ಮಪ್ಪ. ಸುಳ್ಳು ಹೇಳುತ್ತಿದ್ದೇನೆ ಎಂಬುದು ಅವನ ದನಿಯಲ್ಲಿ ಇರಲಿಲ್ಲ. ಅವನು ಈಗ ಅದನ್ನೇ ನಂಬಿದ್ದಾನೆ. ನಾನು ಸಾರು ಬಡಿಸುತ್ತಿದ್ದವಳು ಬಡಿಸುತ್ತಲೇ ಇದ್ದೆ...

ನಿಮ್ಮ ತಾತನಿಗೆ ಮರೆವು ಇರಲಿಲ್ಲ, ಮಕ್ಕಳೇ. ಅವರು ಎಲ್ಲಿಯೂ ತಪ್ಪಿರಲಿಲ್ಲ. ಇದನ್ನು ಕೇಳಬೇಕಾಗಿದ್ದವರು ಎರಡು ವರ್ಷ ನನ್ನ ಎದುರಿಗೇ ಕೂತಿದ್ದರು.